ಅತ್ತೆಯ ಸೀರೆಯ ನಿಲುವಂಗಿ

ನಮ್ಮ ಅತ್ತೆಯ ಬದನೆ ಬಣ್ಣದ ಸೀರೆ ಊರಿಗೆಲ್ಲ ಗೊತ್ತಿತ್ತು. ಕೆಂಪು ದಡಿ, ಸೆರಗಿನಲ್ಲಿ ಬಿಳಿ ಗೆರೆ, ಮೊಣಕಾಲಿನ ಹತ್ತಿರ ಸುಟ್ಟ ತೂತು ಮುಚ್ಚಲು ಹಾಕಿದ ಒಂದು ಕಸೂತಿ ನವಿಲು. ಆ ಸೀರೆ ಓಣಿಯ ತಿರುವಿನಲ್ಲಿ ಕಂಡರೆ ಸಾಕು, ಕಟ್ಟೆಯ ಮೇಲೆ ಕಾಲು ಚಾಚಿ ಕೂತವರು ಕಾಲು ಮಡಚಿ ನೆಟ್ಟಗೆ ಕೂರುತ್ತಿದ್ದರು. ಅದರೊಳಗೆ ಇರುವವರು ರಾಚವ್ವಾರು ಎಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ. ನಮ್ಮೂರಿನಲ್ಲಿ ಯಾರ ವಿಷಯದಲ್ಲೂ ಬೇಕಿಲ್ಲ. ಮುಖ ಎಂದರೆ ನಮಗೆ ಎರಡು ಕಣ್ಣು, ಒಂದು ಮೂಗು, ಒಂದು ಬಾಯಿ. ಅದು ಎಲ್ಲರಿಗೂ ಇರುವಂಥದ್ದೇ, ಅದನ್ನು ನೆನಪಿಟ್ಟುಕೊಂಡು ಮಾಡುವುದೇನು? ಬೇರೆ ಊರುಗಳಲ್ಲಿ ಮುಖ ನೋಡಿ ಹೆಸರು ಹಿಡಿದು ಕರೆಯುತ್ತಾರಂತೆ. ಅದು ಹೇಗೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಮ್ಮಲ್ಲಿ ಮನುಷ್ಯರಿಗೆ ಅವರವರು ಉಟ್ಟ ಅರಿವೆಯೇ ಗುರುತು.

ಹಾಗಂತ ನಮ್ಮ ಸಂಸಾರಗಳು ನಡೆಯುವುದಿಲ್ಲ ಎಂದುಕೊಳ್ಳಬೇಡಿ. ಒಬ್ಬೊಬ್ಬರಿಗೆ ಒಂದೊಂದು ಗುರುತಿನ ಅರಿವೆ. ಅದನ್ನೇ ಉಡುವುದು, ಅದನ್ನೇ ಒಗೆಯುವುದು. ಒಗೆಯುವ ದಿನ ಮನೆಮಂದಿಯೆಲ್ಲ ಕೌದಿ ಹೊದ್ದು ಒಳಗೆ ಕೂರುತ್ತೇವೆ. ಅವತ್ತು ಯಾರೂ ಯಾರೂ ಅಲ್ಲ. ದಾರಿಯಲ್ಲಿ ಹೋಗುವವರು ಹಗ್ಗದ ಮೇಲೆ ಆರುತ್ತಿರುವ ಸೀರೆಯನ್ನೇ "ಆರಾಮದೀರೇನ್ರಿ?" ಎಂದು ಕೇಳುತ್ತಾರೆ, ಸೀರೆಯವಳು ಬಾಗಿಲ ಹಿಂದಿನಿಂದ "ಹೂಂನ್ರಿ, ನೀವು?" ಅನ್ನುತ್ತಾಳೆ. ನನ್ನ ಗಂಡ ಫಕೀರಪ್ಪ ಹಿಟ್ಟಿನ ಗಿರಣಿ ನಡೆಸುತ್ತಾರೆ. ಸಂಜೆ ಬರುವಾಗ ಮೈತುಂಬ ಜೋಳದ ಹಿಟ್ಟು. ಅಂಗಳದಲ್ಲಿ ನಿಂತು ಅಂಗಿ ಜಾಡಿಸಿ, ನೀಲಿ ಚೌಕಳಿ ಕಾಣುವ ತನಕ ನಾನು ಅವರನ್ನು ಒಳಗೆ ಬಿಡುತ್ತಿರಲಿಲ್ಲ. ಗುರುತಿಲ್ಲದ ಗಂಡಸನ್ನು ಮನೆಯೊಳಗೆ ಕರೆದುಕೊಳ್ಳುವುದುಂಟೆ?

ಅರಿವೆ ಎಂದ ಮೇಲೆ ಹರಿಯುತ್ತದೆ, ಜಾಳಾಗುತ್ತದೆ, ಬಣ್ಣ ಬಿಡುತ್ತದೆ. ಅದಕ್ಕೇ ನಮ್ಮಲ್ಲಿ ಪ್ರತಿ ಮನೆಯ ಹೆಂಗಸರೂ ಸೂಜಿ ಹಿಡಿದೇ ಇರುತ್ತಾರೆ. ಹರಿದಲ್ಲಿ ತೇಪೆ, ತೇಪೆಯ ಮೇಲೆ ಹೂವು, ಹೂವಿನ ಸುತ್ತ ಗೋಟು. ಆದರೆ ಒಂದು ಹಂಗಾಮಿಗೆ ಒಂದೇ ಅಂಗೈಯಗಲ ಬದಲಿಸಬೇಕು, ಹೆಚ್ಚಿಲ್ಲ. ಅಷ್ಟಾದರೆ ನೋಡುವವರ ಕಣ್ಣು ಹೊಂದಿಕೊಳ್ಳುತ್ತದೆ. ಹಾಗೆ ಬದಲಿಸುತ್ತ ಬದಲಿಸುತ್ತ ಕೊನೆಗೆ ಮೊದಲಿನ ಎಳೆಯೊಂದೂ ಉಳಿಯದಿದ್ದರೂ ಮನುಷ್ಯ ಅವನೇ. ಯಾರಾದರೂ ತೀರಿಕೊಂಡರೆ ಮನೆಯ ಹಿರಿಯ ಹೆಂಗಸು ಅವರ ಅರಿವೆಯನ್ನು ಅಂಗೈಯಗಲದ ತುಂಡು ಮಾಡುತ್ತಾಳೆ. ನೆಂಟರು, ನೆರೆಯವರು ಒಂದೊಂದು ತುಂಡನ್ನು ತಮ್ಮ ಅರಿವೆಯ ಅಂಚಿಗೆ ಹೊಲಿದುಕೊಳ್ಳುತ್ತಾರೆ. ಹಾಗೆ ಕತ್ತರಿಸುವ ತನಕ ಸತ್ತವರೂ ನಮ್ಮಲ್ಲಿ ಪೂರ್ತಿ ಸತ್ತಂತಲ್ಲ. ಕತ್ತರಿಸಿದ ಮೇಲೆ, ಬದುಕಿದ್ದರೂ, ಇದ್ದಂತಲ್ಲ.

ನಾನು ಸಾವಂತ್ರಿ. ನನ್ನ ಕೈಗೆ ಈ ಅಂಗೈಯಗಲದ ಲೆಕ್ಕ ಎಂದೂ ಸಾಲಲಿಲ್ಲ. ಒಂದು ಹಳೆಯ ಸೀರೆ ಕಂಡರೆ ನನಗೆ ಅದರೊಳಗೆ ಕುಪ್ಪಸ ಕಾಣುತ್ತದೆ, ಲಂಗ ಕಾಣುತ್ತದೆ, ದಿಂಬಿನ ಗವಸು, ಬಾಗಿಲ ತೋರಣ ಕಾಣುತ್ತದೆ. ನನ್ನದೇ ಹಸಿರು ಸೀರೆ, ಹಳದಿ ಚುಕ್ಕಿಯದು, ನಡುವಿನಲ್ಲಿ ಬೆಳಕು ತೂರುವಷ್ಟು ಜಾಳಾಗಿತ್ತು. ಒಂದೊಂದೇ ಅಂಗೈ ತೇಪೆ ಹಾಕಿ ಅದನ್ನು ಉಳಿಸಿಕೊಳ್ಳುವಷ್ಟರಲ್ಲಿ ಅದು ಪೂರ್ತಿ ಹೋಗುವುದಿತ್ತು. ಅಂಥ ಹೊತ್ತಿನಲ್ಲಿ ಗುಡ್ಡದ ಆಚೆ ಮದುವೆಯಾಗಿ ಹೋದ ನಾದಿನಿ ತನ್ನ ತಾಯಿಗೆ ಒಂದು ಹಳದಿ ಸೀರೆ ಕಳಿಸಿದಳು. ಆ ಕಡೆ ಹೋದವರಿಗೆ ನಮ್ಮ ರೀತಿ ಮರೆತೇ ಹೋಗುತ್ತದೆ.

ಅತ್ತೆ ಹೊಸ ಸೀರೆಯನ್ನು ಮೂಸಿ ನೋಡಿದರು, ಕೆನ್ನೆಗೆ ಒತ್ತಿಕೊಂಡರು. "ಹೆಂಗೂ ನನ್ನ ಹಳೇ ಸೀರಿ ಭಾರ ಆಗೇತಿ. ಅದರ ತುಣುಕು ತಗದು ಇದಕ್ಕ ಅಲ್ಲಲ್ಲಿ ಹಚ್ಚು. ಉಳದಿದ್ದರಾಗ ನಿನಗೇನು ಬೇಕೋ ಮಾಡ್ಕೋ," ಅಂದರು.

ಅಷ್ಟು ಹೇಳಿ ಅವರು ಹೊಸ ಸೀರೆಯನ್ನು ಬಚ್ಚಲ ಬಾಗಿಲಿಗೆ ಹಾಕಿ, ಎಣ್ಣೆ ಹಚ್ಚಿಕೊಂಡು ಎರೆದುಕೊಳ್ಳಲು ಬಚ್ಚಲಿಗೆ ಹೋದರು, ಅರ್ಧ ದಿನದ ಕೆಲಸ ಅದು. ನಾನು ಕತ್ತರಿ ತೆಗೆದೆ. ಮೊದಲು ಅವರ ಹೊಸ ಸೀರೆಗೆ ತುಣುಕು ಹಚ್ಚಬೇಕಿತ್ತು, ನಿಜ. ಆದರೆ ಬದನೆ ಬಣ್ಣದ ಆ ಬಟ್ಟೆಯನ್ನು ಹಾಸಿದಾಗ ನನಗೆ ಅದರಲ್ಲಿ ಒಂದು ನಿಲುವಂಗಿ ಕಂಡಿತು, ಕಾಲಿನ ಗಂಟಿನವರೆಗೆ ಇಳಿಯುವಂಥದ್ದು. ಇನ್ನು ನಾನು ಅದನ್ನೇ ತೊಡುತ್ತೇನೆ, ನನ್ನ ಹಸಿರು ಸೀರೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಅಂಚಿಗೆ, ಕೊರಳಿಗೆ, ತೋಳಿನ ತುದಿಗೆ ಹಚ್ಚಿದರೆ ಜನರಿಗೆ ನಾನೆಂದು ತಿಳಿಯುತ್ತದೆ ಎಂದುಕೊಂಡೆ. ಕತ್ತರಿಸಿದೆ. ಹೊಲಿದೆ. ಕೊರಳ ಸುತ್ತ ಗಾಜಿನ ಬಿಲ್ಲೆ ಕೂರಿಸಿದೆ. ಎದೆಯ ಮೇಲೆ ಬರುವಂತೆ ಅತ್ತೆಯ ನವಿಲನ್ನು ಎತ್ತಿಟ್ಟೆ. ಊಟದ ನೆನಪೂ ಆಗಲಿಲ್ಲ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೈಮೇಲೆ ಹಾಕಿಕೊಂಡು ತಿರುಗಿದೆ. ಬಾಗಿಲಲ್ಲಿ ಹಳದಿ ಸೀರೆಯ ಒಬ್ಬ ಹೊಸ ಹೆಂಗಸು ನಿಂತಿದ್ದರು.

"ಯಾರ್ರಿ? ಯಾರು ಬೇಕಾಗಿತ್ತು?" ಎಂದು ನಾನು ಕೇಳುವುದಕ್ಕೂ ಆ ಹೆಂಗಸು "ಅಯ್ಯ ಶಿವನ, ನಾ ಅಲ್ಲಿ ಹೆಂಗ ನಿಂತೆ?" ಎಂದು ಕೂಗುವುದಕ್ಕೂ ಸರಿಹೋಯಿತು.

ಇಬ್ಬರೂ ನೆಲದ ಮೇಲೆ ಕೂತು ಯೋಚನೆ ಮಾಡಿದೆವು. ಬಚ್ಚಲಿಗೆ ಹೋದವರು ಅತ್ತೆ, ಬಚ್ಚಲಿನಿಂದ ಬಂದವರು ಈಕೆ, ಆದ್ದರಿಂದ ಈಕೆ ಅತ್ತೆ. ಹೊಲಿಯುತ್ತ ಕೂತವಳು ಸೊಸೆ, ಕೂತಲ್ಲೇ ಇದ್ದವಳು ನಾನು, ಆದ್ದರಿಂದ ನಾನು ಸೊಸೆ. ಹೀಗೆ ಬೆರಳು ಮಡಚಿ ಮಡಚಿ ಗಟ್ಟಿ ಮಾಡಿಕೊಳ್ಳಬೇಕಾಯಿತು. ಕಣ್ಣಿಗೆ ಮಾತ್ರ ಅದು ಒಪ್ಪಲಿಲ್ಲ. ನನಗೆ ಎದುರಿಗೆ ಯಾರೋ ಪರಸ್ಥಳದವರು ಕೂತ ಹಾಗೆ, ಅವರಿಗೆ ತಮ್ಮೆದುರು ತಾವೇ ಕೂತ ಹಾಗೆ. ಅತ್ತೆ ನಕ್ಕರು. "ನಾಳಿಗಿ ಬಿಚ್ಚಿ ಸರಿ ಮಾಡೂಣು ಬಿಡು," ಅಂದರು.

ಅಷ್ಟರಲ್ಲಿ ನನ್ನ ಗಂಡ ಬಂದರು, ಅಂಗಳದಲ್ಲಿ ಹಿಟ್ಟು ಜಾಡಿಸಿಕೊಂಡು ಒಳಗೆ ಕಾಲಿಟ್ಟರು.

"ಅವ್ವಾ, ಸಾವಂತ್ರಿ ಎಲ್ಲಿ?" ಎಂದು ನನ್ನನ್ನೇ ಕೇಳಿದರು.

"ನಾನ ರೀ ಸಾವಂತ್ರಿ."

"ಚಾಷ್ಟಿ ಮಾಡಬ್ಯಾಡವಾ, ಹಸಿವಾಗೇತಿ." ಆಮೇಲೆ ಹಳದಿ ಸೀರೆಯತ್ತ ತಿರುಗಿದರು. ದನಿ ತಗ್ಗಿಸಿದರು. "ಇವರು ಯಾರು? ಬಿಸಲಾಗ ಬಂದಾರ, ನೆಲದ ಮ್ಯಾಲೆ ಕುಂಡ್ರಿಸೀಯಲ್ಲ! ಬರ್ರಿ ಅಕ್ಕಾರ, ಮ್ಯಾಲೆ ಕುಂದ್ರಿ. ಅವ್ವಾ, ಇವರಿಗೆ ಚಹಾ ಇಡು."

ಅತ್ತೆ ಬಾಯಿ ತೆರೆದರು. ಏನು ಹೇಳುತ್ತಿದ್ದರೋ, ಅಷ್ಟರಲ್ಲಿ ಮಗ ಒಳಗಿನಿಂದ ಚಾಪೆ ತಂದು ಹಾಸಿ, ತಂಬಿಗೆಯಲ್ಲಿ ನೀರು ಕೊಟ್ಟು, ಗೋಡೆಗೆ ಒರಗಲು ದಿಂಬು ಇಟ್ಟರು. ಅತ್ತೆ ಬಾಯಿ ಮುಚ್ಚಿದರು. ನಾನು ಚಹಾ ತಂದುಕೊಟ್ಟೆ. ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಊದಿ ಊದಿ, ಒಂದೊಂದೇ ಗುಟುಕು ಕುಡಿದರು. ಕುಡಿದು ಮುಗಿದ ಮೇಲೆ ಮಗ "ನಿಮ್ಮ ಹೆಸರೇನ್ರಿ?" ಎಂದು ಕೇಳಿದರು.

"ಹೂವಕ್ಕ," ಅಂದರು ಅತ್ತೆ.

ಅದು ಅವರ ತವರುಮನೆಯ ಹೆಸರು. ಮದುವೆಯ ದಿನ ಅದನ್ನು ಬಿಡಿಸಿ ರಾಚವ್ವ ಎಂದು ಇಟ್ಟಿದ್ದರಂತೆ. ಆ ಹೆಸರನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಮರುದಿನ ಬಿಚ್ಚಲು ಆಗಲಿಲ್ಲ. ಬೆಳಗಾಗುತ್ತಲೇ ಪಕ್ಕದ ಮನೆಯ ನಿಂಬವ್ವ ಬಂದಳು, ಅವಳ ಹಿಂದೆ ಅವಳ ಎದುರುಮನೆಯವನು. ಬಚ್ಚಲ ನೀರು ಯಾರ ಕಡೆಯಿಂದ ಹರಿಯಬೇಕು ಎಂಬ ಜಗಳ. ಓಣಿಯ ಜಗಳಗಳೆಲ್ಲ ರಾಚವ್ವಾರ ಎದುರಿಗೇ ತೀರಬೇಕು. ನಾನು ಅಲ್ಲ ಅಂದೆ. ರಾಚವ್ವಾರು ಸಿಟ್ಟಾದಾಗ ಹಾಗೆಯೇ ಅನ್ನುತ್ತಾರೆಂದು ಇಬ್ಬರೂ ತಲೆ ತಗ್ಗಿಸಿ ನಿಂತರು. ಕೊನೆಗೆ ಬೇಸತ್ತು, ನಡುವೆ ಒಂದು ಕಾಲುವೆ ತೋಡಿ ಇಬ್ಬರೂ ಸಾಯಿರಿ ಅಂದೆ. ಇಬ್ಬರೂ ಒಪ್ಪಿ ಕಾಲಿಗೆ ಬಿದ್ದರು! ನನಗೆ ಒಳಗೊಳಗೇ ಹಿಗ್ಗು ಬಂದದ್ದು ಸುಳ್ಳಲ್ಲ. ಹೋಗುವ ಮುಂಚೆ ನಿಂಬವ್ವ ನನ್ನ ಕಿವಿಯ ಹತ್ತಿರ ಬಂದಳು.

"ನಿಮ್ಮ ಸೊಸಿ ಕಾಣವಲ್ಲಳಂತ? ಸಿಟ್ಟಾಗಬ್ಯಾಡ್ರಿ ಮತ್ತ, ಆಕಿ ಕೈ ಸೂಜಿ ಹಿಡೀಲಿಕ್ಕೆ ಹುಟ್ಟಿದ್ದು, ರೊಟ್ಟಿ ಬಡೀಲಿಕ್ಕಲ್ಲ. ಆಕಿ ರೊಟ್ಟಿ ತಿಂದು ನನ್ನ ಹಲ್ಲು ಅಲುಗಾಡೇತಿ."

ಏನು ಹೇಳಲಿ? ಹೌದವ್ವಾ ಅಂದೆ. ಹಳದಿ ಸೀರೆಯ ಅತಿಥಿ ಚಾಪೆಯ ಮೇಲೆ ಕೂತು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು.

ನಿಲುವಂಗಿ ಕಳಚಿ ಹಾಕಿ ಒಂದು ಹಾಸಿಗೆ ಚಾದರ ಸುತ್ತಿಕೊಂಡು ಗಂಡನ ಎದುರು ನಿಂತು ನೋಡಿದೆ. "ಯಾರ ಮನಿಗೆ ಬಂದೀರಿ?" ಎಂದು ಕೇಳಿ ಬಾಗಿಲಿಗೆ ಅಡ್ಡ ನಿಂತರು. ಹೆಂಡತಿ ಇಲ್ಲದ ಮನೆಯಲ್ಲಿ ಗುರುತಿಲ್ಲದ ಹೆಂಗಸು ಒಬ್ಬರೇ ಸಾಕು, ಇಬ್ಬರಾದರೆ ಜನ ಏನಂದಾರು ಎಂಬುದು ಅವರ ಅಂಜಿಕೆ. ಹಿತ್ತಲಿನಿಂದ ಸುತ್ತಿ ಬಂದು ಮತ್ತೆ ನಿಲುವಂಗಿ ತೊಟ್ಟೆ. ಬದನೆ ಬಣ್ಣ ಕಂಡೊಡನೆ "ಅವ್ವಾ, ಈಗ ಯಾವಾಕಿಯೋ ಬಂದಿದ್ಲು" ಎಂದು ದೂರು ಹೇಳಿದರು. ರಾಚವ್ವನಾದರೆ ಮನೆಯಲ್ಲಿ ಜಾಗ ಉಂಟು, ನಾನಾದರೆ ಇಲ್ಲ. ಸಾವಂತ್ರಿ ಆಗೋಣವೆಂದರೆ ಸಾವಂತ್ರಿಯ ಸೀರೆ ಬರೀ ಅಂಚಾಗಿ ಕೂತಿದೆ. ಬಿಚ್ಚೋಣವೆಂದರೆ ಅತ್ತೆ ದಿನಾ ನಾಳೆ ಅನ್ನುತ್ತಿದ್ದರು. ಆಗೀಗ ಯಾರೋ ನನ್ನ ತೋಳಿನ ತುದಿಯನ್ನಷ್ಟೇ ಕಂಡು "ಸಾವಂತ್ರೀ" ಎಂದು ಕರೆಯುವರು. ನಾನು ಜೀವ ಬಂದಂತಾಗಿ ತಿರುಗುವೆ. ಪೂರ್ತಿ ಕಂಡೊಡನೆ "ಓ, ನೀವಾ, ತಪ್ಪಾತ್ರಿ" ಎಂದು ದೂರ ಸರಿಯುವರು. ಎಷ್ಟು ಬಾರಿ ಕಣ್ಣೀರು ಹಾಕಿದೆನೋ.

ನನ್ನ ಗಂಡ ನನ್ನನ್ನು ಹುಡುಕಿದರು. ಮೇಲಿನ ಓಣಿಯಲ್ಲಿರುವ ನನ್ನ ಅಣ್ಣನ ಮನೆ, ಬಾವಿಯ ಕಟ್ಟೆ, ಸಂತೆ, ಎಲ್ಲಾ ಕಡೆ ಹಸಿರಿನ ಮೇಲೆ ಹಳದಿ ಚುಕ್ಕಿ ಹುಡುಕಿಕೊಂಡು ಗಿರಣಿ ಬಿಟ್ಟು ಅಲೆದರು. ಒಂದು ಮಧ್ಯಾಹ್ನ ನೀರು ಕುಡಿಯಲು ಕೊಡದ ಹತ್ತಿರ ಹೋದವರು ಅಲ್ಲೇ ನಿಂತುಬಿಟ್ಟರು. ನಾನು ಸೀರೆ ಕತ್ತರಿಸಿದಾಗ ಉಳಿದ ಒಂದು ಚೂರನ್ನು ನೀರು ಸೋಸಲು ಕೊಡದ ಬಾಯಿಗೆ ಕಟ್ಟಿದ್ದೆ. ಅದನ್ನು ಬಿಚ್ಚಿ, ಹಿಂಡಿ, ಕೈಯಲ್ಲಿ ಹಿಡಿದು "ಎಲ್ಲಿ ಹೋದಿ?" ಎಂದು ಕೇಳಿದರು. ಆಮೇಲೆ ಅದೇ ಹಸಿರಿನ ಚೂರುಗಳಿಗಾಗಿ ಮನೆಯೆಲ್ಲ ತಡಕಿದರು. ಒಲೆಯ ಹತ್ತಿರದ ಮಸಿಯರಿವೆ, ದೀಪ ಒರೆಸುವ ಚಿಂದಿ, ಕಸಬರಿಗೆಯ ಹಿಡಿಗೆ ಸುತ್ತಿದ ಪಟ್ಟಿ. ಎಲ್ಲವನ್ನೂ ಒಂದು ಟವೆಲಿನಲ್ಲಿ ಗಂಟು ಕಟ್ಟಿ ಎದೆಗೆ ಒತ್ತಿಕೊಂಡರು. ನನ್ನ ಗಂಡನಿಗೆ ನನ್ನ ಮೇಲೆ ಇಷ್ಟು ಅಕ್ಕರೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ಖುಷಿಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಆ ಮಸಿಯರಿವೆಯನ್ನು ನೋಡಿದ ಹಾಗೆ ಅವರು ಒಂದು ದಿನವೂ ನನ್ನನ್ನು ನೋಡಿರಲಿಲ್ಲ.

"ಆ ಗಂಟು ನನಗ ಕೊಡೋ ಯಪ್ಪಾ," ಎಂದು ತಾಯಿಯ ದನಿಯಲ್ಲೇ ಕೇಳಿದೆ. ಆ ಚೂರುಗಳನ್ನೆಲ್ಲ ಎದ್ದು ಕಾಣುವಂತೆ ಹೊಲಿದುಕೊಂಡರೆ ಹೇಗೋ ನಾನಾದೇನು ಎಂಬ ಆಸೆ.

"ಬ್ಯಾಡವಾ. ನೀ ಹಿರ್ಯಾಕಿ, ನಿನ್ನ ಕೈಯಾಗ ಕೊಟ್ರ ಕತ್ತರಿ ಹಾಕ್ತಿ. ಇದೊಂದ ಉಳದೈತಿ," ಎಂದು ಗಂಟನ್ನು ಬೆನ್ನ ಹಿಂದೆ ಮುಚ್ಚಿಕೊಂಡರು.

ಕತ್ತರಿಯ ಮಾತು ಅಲ್ಲಿಗೇ ನಿಲ್ಲಲಿಲ್ಲ. ಒಬ್ಬರ ಅರಿವೆ ಅಮಾವಾಸ್ಯೆಯವರೆಗೂ ಕಾಣದಿದ್ದರೆ ಅವರು ಹೋದರೆಂದೇ ನಮ್ಮೂರಿನವರ ಲೆಕ್ಕ. ಅಮಾವಾಸ್ಯೆ ಹತ್ತಿರ ಬಂತು. ನಿಂಬವ್ವ, ನನ್ನ ಅಣ್ಣ, ಓಣಿಯ ಹಿರಿಯರು ಬಂದು ಕೂತು, ಗಂಟಿನಲ್ಲಿ ಉಳಿದದ್ದನ್ನು ಕತ್ತರಿಸಿ ಹಂಚಬೇಕು, ಇಲ್ಲದಿದ್ದರೆ ಸಾವಂತ್ರಿ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದರು. ನನ್ನ ಅಣ್ಣ ಕಣ್ಣು ಒರೆಸಿಕೊಂಡ. ಕತ್ತರಿಸಬೇಕಾದವಳು ಮನೆಯ ಹಿರಿಯ ಹೆಂಗಸು. ಅಂದರೆ ನಾನು.

ಅವತ್ತು ಎಲ್ಲರೂ ಹೋದ ಮೇಲೆ ಹಿತ್ತಲಲ್ಲಿ ಅತ್ತೆಯ ಕಾಲು ಹಿಡಿದೆ. ಅವರು ಬಿಸಿಲು ಕಾಯಿಸುತ್ತ, ಶೇಂಗಾ ಸುಲಿದು ತಿನ್ನುತ್ತ ಕೂತಿದ್ದರು.

"ಅತ್ತೀ, ಇನ್ನ ಸಾಕ್ರಿ. ನೀವು ನಿಲುವಂಗಿ ಹಾಕ್ಕೊಂಡು ಒಂದು ಮಾತು ಹೇಳಿದ್ರ ಎಲ್ಲಾರೂ ಕೇಳ್ತಾರ."

"ಯಾರ ಅತ್ತಿ?" ಅಂದರು. "ನಾ ಹೂವಕ್ಕ."

ಚಾಷ್ಟಿಯೋ ಏನೋ ಎಂದು ಮುಖ ನೋಡಿದೆ. ಮುಖದಿಂದ ತಿಳಿಯುವುದಾದರೂ ಏನು? ಅವರು ಇನ್ನೊಂದು ಶೇಂಗಾ ಒಡೆದು ಬೀಜಗಳನ್ನು ನನ್ನ ಅಂಗೈಯಲ್ಲಿ ಇಟ್ಟರು.

"ಕೇಳಿಲ್ಲೆ. ಈ ಮನಿಗೆ ಬಂದಾಗಿಂದ ನಾ ಒಂದ ದಿನಾ ಬಿಸಿ ಚಹಾ ಕುಡಿದಿದ್ದಿಲ್ಲ. ಲೋಟ ಬಾಯಿಗೆ ಇಡೂದರಾಗ ಯಾರರ ಬಾಗಲಾ ಬಡೀತಿದ್ರು. ಮಗ್ಗಲ ಮನಿ ಜಗಳಾ, ಹಿಂದಿನ ಮನಿ ಬಾಣಂತನಾ. ಆ ಬದನಿ ಸೀರಿ ಕಂಡ್ರ ಸಾಕು, ರಾಚವ್ವಾರ, ರಾಚವ್ವಾರ. ಈಗ ನೋಡು, ನನ್ನ ಮಗ ನನಗ ದಿಂಬು ಕೊಡ್ತಾನ. ಕಾಲು ನೂಸ್ತಾವೇನ್ರಿ ಅಂತ ಕೇಳ್ತಾನ. ನಾ ಅವನ ಅವ್ವ ಇದ್ದಾಗ ಒಮ್ಮಿ ಕೇಳಿದ್ದಿಲ್ಲ ಅಂವ."

"ಹಂಗಾರ ನನ್ನ ಗತಿ?"

"ನೀ ಛಲೋ ರಾಚವ್ವ ಆಗೀಯಲ್ಲ. ಬಚ್ಚಲ ನೀರಿನ ನ್ಯಾಯಾ ನನಗ ಇಷ್ಟು ವರ್ಷ ಆದ್ರೂ ಬಗೀಹರದಿದ್ದಿಲ್ಲ."

ನನಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅವರ ಮಾತೆಲ್ಲ ನಿಜವೆಂದೂ ಅನಿಸಿತು. ಏಳಲು ಹೋದಾಗ ನೆಲಕ್ಕೆ ಕೈ ಊರಿ "ಶಿವನೇ" ಅಂದೆ, ಅತ್ತೆ ಅನ್ನುವ ಹಾಗೆ. ಮೊಣಕಾಲು ನಿಜವಾಗಿಯೂ ನೋಯುತ್ತಿತ್ತು. ನನಗೆ ಭಯವಾದದ್ದು ಆಗ. ಬಚ್ಚಲಿಗೆ ಹೋದವರು ಅತ್ತೆ, ಬಂದವರು ಈಕೆ ಎಂದು ಮತ್ತೆ ಬೆರಳು ಮಡಚಿದೆ. ನಡುವೆ ಎಲ್ಲೋ ಲೆಕ್ಕ ತಪ್ಪಿತು. ಇವರು ನಿಜವಾಗಿಯೂ ಯಾರೋ ಹೂವಕ್ಕ ಇರಬಹುದೆ? ಹಾಗಾದರೆ ನಾನು ರಾಚವ್ವನೇ ಇರಬಹುದೆ? ಸೊಸೆ ಹೋದ ಸಂಕಟಕ್ಕೆ ನಾನೇ ಅವಳೆಂದುಕೊಳ್ಳುತ್ತಿರುವ ಮುದುಕಿಯೆ? ಅಂಗೈಯಲ್ಲಿದ್ದ ಬೀಜಗಳನ್ನು ತಿಂದೆ. ಶೇಂಗಾ ನನಗೆ ಸೇರುತ್ತಿತ್ತೋ ಇಲ್ಲವೋ, ಅದೂ ನೆನಪಾಗಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ನಮ್ಮ ಅಂಗಳ ತುಂಬಿತು. ಹೆಂಗಸರೆಲ್ಲ ಸೂಜಿಗೆ ದಾರ ಪೋಣಿಸಿಕೊಂಡು ಸೆರಗಿಗೆ ಚುಚ್ಚಿಕೊಂಡು ಬಂದಿದ್ದರು. ಸಾವಂತ್ರಿಯ ತುಂಡು ಸಿಕ್ಕೊಡನೆ ತಮ್ಮ ಅಂಚಿಗೆ ಹೊಲಿದುಕೊಳ್ಳಬೇಕಲ್ಲ. ನಡುವೆ ಮಣೆ, ಮಣೆಯ ಮೇಲೆ ಕತ್ತರಿ. ನನ್ನನ್ನು ಅದರ ಮುಂದೆ ಕೂರಿಸಿದರು. ನನ್ನ ಗಂಡ ಗಂಟನ್ನು ತಂದು ಇಟ್ಟರು. ಇಟ್ಟ ಕೈಯನ್ನು ಮಾತ್ರ ತೆಗೆಯಲಿಲ್ಲ. ನಿಂಬವ್ವ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಗಂಟು ಬಿಚ್ಚಿದರು. ಎಷ್ಟು ಕಡಿಮೆ ಇದ್ದೆ ನಾನು! ನಾಲ್ಕು ಚಿಂದಿ. ಒಂದರಲ್ಲಿ ಒಲೆಯ ಮಸಿ, ಒಂದರಲ್ಲಿ ಎಣ್ಣೆ. ಆದರೂ ಅಂಗಳದಲ್ಲಿ ಇದ್ದವರೆಲ್ಲ ಅದನ್ನು ನೋಡಿ "ಅಯ್ಯೋ ಸಾವಂತ್ರಿ" ಎಂದು ನಿಟ್ಟುಸಿರು ಬಿಟ್ಟರು.

ಕತ್ತರಿ ನನ್ನ ಕೈಗೆ ಬಂತು. "ನಾ ಇಲ್ಲೇ ಅದೀನಿ," ಅಂದೆ. "ಅಣ್ಣಾ, ನಾನೋ, ನಿನ್ನ ತಂಗಿ. ಕತ್ತರಿಸಿದ್ರ ನಾ ಎಲ್ಲೂ ಉಳಿಯಂಗಿಲ್ಲ." ಅಣ್ಣ ಕೈಮುಗಿದು ನಿಂತ. "ನೀವು ಆಕಿನ್ನ ಮಗಳಂಗ ನೋಡ್ಕೊಂಡ್ರಿ, ಅದಕ್ಕ ಹಿಂಗ ಅನಸ್ತೈತ್ರಿ," ಅಂದ. ಎಲ್ಲರೂ ಅತ್ತರು. ನನಗಾಗಿಯೇ ಅಳುತ್ತಿದ್ದರು, ನನ್ನ ಕಡೆ ಯಾರೂ ನೋಡುತ್ತಿರಲಿಲ್ಲ. ನಿಂಬವ್ವ ಹಿಂದಿನಿಂದ ಬಗ್ಗಿ, ಮುದುಕಿಗೆ ಕತ್ತರಿ ಒತ್ತಲು ಆಗುತ್ತಿಲ್ಲವೆಂದು ಕನಿಕರದಿಂದ ನನ್ನ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಕತ್ತರಿಯ ಬಾಯನ್ನು ಮೊದಲ ಚಿಂದಿಯ ಮೇಲೆ ತಂದಳು.

"ಬಿಚ್ಚು ಅದನ್ನ!"

ಹಳದಿ ಸೀರೆಯ ಅತಿಥಿ ಎದ್ದು ನಿಂತಿದ್ದರು. ಅವರ ಕೈಯಲ್ಲಿ ಚಹಾದ ಲೋಟ ಇತ್ತು, ಇನ್ನೂ ಅರ್ಧ ತುಂಬಿತ್ತು, ಹೊಗೆ ಆಡುತ್ತಿತ್ತು. ಅದನ್ನು ಕಟ್ಟೆಯ ಮೇಲೆ ಇಟ್ಟರು. ಒಂದು ಕ್ಷಣ ಅದನ್ನೇ ನೋಡಿದರು. ಆಮೇಲೆ ನೇರ ನನ್ನ ಹತ್ತಿರ ಬಂದರು. "ಬಿಚ್ಚು, ಬಿಚ್ಚು, ಲಗೂನ," ಎಂದು ನನ್ನ ಮೈಯಿಂದ ನಿಲುವಂಗಿ ಎಳೆದರು. ನಾನು ಲಂಗ ಕುಪ್ಪಸದಲ್ಲಿ ಅಷ್ಟು ಜನರ ನಡುವೆ ಮುದುಡಿ ಕೂತೆ. ಅತ್ತೆ ತೋಳು ತೂರಿಸಿದರು. ನನ್ನ ಅಳತೆಗೆ ಹೊಲಿದದ್ದು, ಅವರ ತೋಳಿಗೆ ಬಿಗಿ. ಹಲ್ಲು ಕಚ್ಚಿ ಎಳೆದುಕೊಂಡರು. ಬಗಲಿನ ಹೊಲಿಗೆ ಪರ್ ಎಂದು ಬಿಟ್ಟಿತು, ಗಾಜಿನ ಬಿಲ್ಲೆಗಳು ಅಂಗಳದಲ್ಲಿ ಉರುಳಿದವು. ಹಾಗೂ ಹೀಗೂ ಎದೆಯ ಮೇಲೆ ನವಿಲು ಬಂದು ಕೂತಿತು.

"ರಾಚವ್ವಾರು!" ಎಂದು ಅಂಗಳವೇ ಅಂದಿತು. ಕೂತವರು ಎದ್ದರು. ಎಲ್ಲರ ಕಣ್ಣೂ ಈಗ ನನ್ನ ಕಡೆ ಬಿತ್ತು. "ಇಕಿ ಯಾರು? ಲಂಗದ ಮ್ಯಾಲೆ ಬಂದು ಕುಂತಾಳಲ್ಲ!"

"ಬಾಯಿ ಮುಚ್ರಿ," ಅಂದರು ಅತ್ತೆ. ಅವರ ಹಳೆಯ ದನಿ ಅದು. ಕಟ್ಟೆಯ ಮೇಲಿನವರ ಕಾಲು ಮಡಚಿಸುವ ದನಿ. "ಕತ್ತರಿ ಒಳಗ ಇಡ್ರಿ. ಸೂಜಿ ತಂದೀರಲ್ಲ, ತಗೀರಿ. ಈ ಚಿಂದಿ ಎಲ್ಲಾ ಇಕಿ ಮೈಮ್ಯಾಲೆ ಹೊಲೀರಿ."

"ಸತ್ತಾಕಿ ಅರಿವಿ ಗುರುತಿಲ್ಲದಾಕಿಗೆ ಹೆಂಗ್ರಿ..." ಎಂದು ನಿಂಬವ್ವ ರಾಗ ತೆಗೆದಳು.

"ನಾ ಹೇಳಾಕತ್ತೀನಿ, ಹೊಲಿ."

ರಾಚವ್ವಾರು ಹೇಳಿದ ಮೇಲೆ ಮುಗಿಯಿತು. ಹೆಂಗಸರು ನನ್ನ ಸುತ್ತ ಕೂತರು. ಅಂಜುತ್ತ ಅಂಜುತ್ತ ನೀರು ಸೋಸುವ ಚೂರನ್ನು ನನ್ನ ಹೆಗಲಿಗೆ ಇಟ್ಟು ಕುಪ್ಪಸಕ್ಕೆ ಹೊಲಿದರು. ಮಸಿಯರಿವೆ ಎದೆಗೆ ಬಂತು, ಕಸಬರಿಗೆಯ ಪಟ್ಟಿ ನಡುವಿಗೆ. ಸೂಜಿ ಅಲ್ಲಲ್ಲಿ ಮೈಗೂ ಚುಚ್ಚಿತು. ದೀಪದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಎರಡನೆಯ ಚೂರು ಮುಗಿಯುವಾಗ ನಿಂಬವ್ವನ ಕೈ ನಿಂತಿತು. ಅವಳು ಹಿಂದೆ ಸರಿದು ನನ್ನನ್ನು ನೋಡಿದಳು, ಕಣ್ಣು ಉಜ್ಜಿಕೊಂಡಳು. "ಇದೇನ ಇದು, ಸಾವಂತ್ರಿ ಇದ್ದಂಗ ಕಾಣ್ತಾಳಲ್ಲ," ಅಂದಳು. ನಾಲ್ಕನೆಯದರ ದಾರ ಹಲ್ಲಿನಲ್ಲಿ ಕಡಿಯುವಷ್ಟರಲ್ಲಿ ನನ್ನ ಅಣ್ಣ ಹೋ ಎಂದು ಅಳುತ್ತಿದ್ದ. ನನ್ನ ಗಂಡ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತರು. ಹೆಗಲಿನ ಚೂರನ್ನು ಮುಟ್ಟಿದರು. ಆಮೇಲೆ ಅದರ ಪಕ್ಕದ ಹೆಗಲನ್ನೂ ಮುಟ್ಟಿದರು.

"ಎಲ್ಲಿ ಹೋಗಿದ್ದಿ?" ಎಂದು ಕೇಳಿದರು.

"ಇಲ್ಲೇ ಇದ್ನಲ್ಲ ರೀ," ಅಂದೆ. ಅತ್ತುಬಿಟ್ಟೆ.

ಅವತ್ತು ಬಂದವರೆಲ್ಲ ಊಟ ಮಾಡಿಕೊಂಡೇ ಹೋದರು. ಮನೆ ಖಾಲಿಯಾದ ಮೇಲೆ ನನ್ನ ಗಂಡ ಚಾಪೆ ನೋಡಿದರು, ಹಿತ್ತಲು ನೋಡಿದರು. "ಆ ಹೂವಕ್ಕಾರು ಎಲ್ಲಿ? ಹೇಳದ ಹೋದ್ರಲ್ಲ. ಛಲೋ ಹೆಣ್ಮಗಳು, ಕಾಲು ನೂಸ್ತಿದ್ದೂವು ಪಾಪ," ಅಂದರು. ಎರಡು ದಿನ ಆ ಚಾಪೆಯನ್ನು ಸುತ್ತಿಡಲು ಬಿಡಲಿಲ್ಲ. ಅವರ ತಾಯಿ ಆಗ ಹರಿದ ಬಗಲಿನ ನಿಲುವಂಗಿಯಲ್ಲಿ ಅಂಗಳದಲ್ಲಿ ನಿಂತು ಯಾರದೋ ಬಾಣಂತನಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದರು.

ನನಗೆ ಅತ್ತೆಯ ಋಣ ತೀರಿಸುವ ಬೇರೆ ದಾರಿ ತೋಚಲಿಲ್ಲ. ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಹೊರಬಾಗಿಲಿಗೆ ಅಗುಳಿ ಹಾಕಿದೆ. ಚಹಾ ಕುದಿಸಿ ಲೋಟ ತುಂಬಿದೆ, ಗೋಡೆಗೆ ದಿಂಬು ಇಟ್ಟೆ. ಅತ್ತೆ ಒಲೆಯ ಮುಂದೆ ಬೆನ್ನು ಮಾಡಿ ರೊಟ್ಟಿ ಎಣಿಸಿ ಬುಟ್ಟಿಯಲ್ಲಿ ಇಡುತ್ತಿದ್ದರು. ನಾನು ಮೆಲ್ಲಗೆ, ಆ ಹೆಸರು ಹೊರಗೆ ಕೇಳಿಸದ ಹಾಗೆ, "ಹೂವಕ್ಕಾರ, ಬರ್ರಿ, ಚಹಾ ಆರೂದರಾಗ ಕುಡೀರಿ," ಅಂದೆ.

ಅತ್ತೆ ಥಟ್ಟನೆ ಎದ್ದರು. ಸೆರಗಿಲ್ಲದ ಹೆಗಲ ಮೇಲೆ ಸೆರಗು ಎಳೆದುಕೊಳ್ಳುವಂತೆ ಕೈಯಾಡಿಸಿ, ಕೂದಲು ಸರಿಮಾಡಿಕೊಂಡರು. ಮುಖವೆಲ್ಲ ನಗು ಮಾಡಿಕೊಂಡು ನನ್ನನ್ನು ದಾಟಿ ಬಾಗಿಲಿಗೆ ಹೋಗಿ, ಅಗುಳಿ ತೆಗೆದು, ಓಣಿಯ ಎರಡೂ ಕಡೆ ಇಣುಕಿ ನೋಡಿದರು.

"ಬಂದಾರೇನ?" ಅಂದರು. "ಎಲ್ಲಿ, ಕಾಣವಲ್ಲರು?"